ನಾಯಿಗೆ ಫಿಟ್ಸ್ ಬಂದರೆ: ಈಗಲೇ ಓಡಬೇಕಾ, ಬೆಳಿಗ್ಗೆ ಹೋದರೆ ಸಾಕಾ?

ಮೊದಲು ಗಡಿಯಾರ ನೋಡಿ. ಫಿಟ್ಸ್ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತಿಗೆ ನಿಂತಿತು ಅನ್ನೋದು ಗೊತ್ತಿದ್ದರೆ ಅರ್ಧ ತೀರ್ಮಾನ ಆದಂತೆಯೇ. ಸಾಕಿದ ನಾಯಿ ಕಣ್ಣೆದುರೇ ಬಿದ್ದು ಒದ್ದಾಡುವಾಗ ಒಂದು ನಿಮಿಷ ಹತ್ತು ನಿಮಿಷದ ಹಾಗೆ ಅನ್ನಿಸುತ್ತದೆ. ಹಾಗಾಗಿ ಅಂದಾಜು ನಂಬಬೇಡಿ, ಮೊಬೈಲ್ ತೆಗೆದು ಟೈಮ್ ನೋಡಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ವಿಡಿಯೊ ಮಾಡಲಿ. ಅದು ಮುಂದೆ ಡಾಕ್ಟರಿಗೆ ನಿಮ್ಮ ಮಾತಿಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಐದು ನಿಮಿಷವಾದರೂ ನಿಲ್ಲದ ಫಿಟ್ಸ್ ತುರ್ತು. 24 ಗಂಟೆಯೊಳಗೆ ಎರಡನೇ ಸಲ ಬಂದರೆ ತುರ್ತು. ಒಂದು ಮುಗಿದು ನಾಯಿ ಸರಿಯಾಗಿ ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ ಅದೂ ತುರ್ತು. ಇವುಗಳಲ್ಲಿ ಒಂದಾದರೂ ರಾತ್ರಿ ಎರಡು ಗಂಟೆಯಾಗಿರಲಿ, ಮಳೆ ಸುರಿಯುತ್ತಿರಲಿ, ಹೊರಡಲೇಬೇಕು. ಒಂದೆರಡು ನಿಮಿಷ ಬಂದು, ತಾನಾಗಿ ನಿಂತು, ಆಮೇಲೆ ನಾಯಿ ನಿಧಾನಕ್ಕೆ ತನ್ನ ಸ್ಥಿತಿಗೆ ಬಂದರೆ ಸಾಮಾನ್ಯವಾಗಿ ಬೆಳಗಿನವರೆಗೆ ಕಾಯಬಹುದು. ಆದರೆ ಅದು ಮೊದಲನೇ ಸಲ ಆಗಿದ್ದರೆ ಆಗಲೇ ಡಾಕ್ಟರಿಗೆ ಒಂದು ಫೋನ್ ಮಾಡಿ, ಒಂದು ದಿನದೊಳಗೆ ತೋರಿಸಿ. ಇದಕ್ಕೆ ಕೆಲವು ಅಪವಾದಗಳಿವೆ. ಆ ಸಂದರ್ಭಗಳಲ್ಲಿ ಗಡಿಯಾರ ನೋಡುತ್ತಾ ಕೂರುವ ಹಾಗಿಲ್ಲ. ಅವನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ಒಂದು ಮಾತು ಮಾತ್ರ ಈಗಲೇ ಮನಸ್ಸಿನಲ್ಲಿರಲಿ. ನೋಡೋಕೆ ಎಷ್ಟು ಭಯಂಕರವಾಗಿತ್ತು ಅನ್ನೋದರಿಂದ ಅಪಾಯ ಅಳೆಯಬೇಡಿ. ಇಡೀ ಮೈ ಅದುರಿ, ನೊರೆ ಬಂದು, ಮೂತ್ರ ಹೋಗಿ ಒಂದೂವರೆ ನಿಮಿಷಕ್ಕೆ ನಿಂತ ಫಿಟ್ಸ್‌ಗಿಂತ, ಮುಖದ ಒಂದು ಬದಿ ಮಾತ್ರ ಹತ್ತು ನಿಮಿಷ ಬಿಡದೆ ಅದುರುವುದು ದೊಡ್ಡ ತೊಂದರೆ ಆಗಿರಬಹುದು.

ಐದೇ ನಿಮಿಷ ಯಾಕೆ?

ಫಿಟ್ಸ್ ಅಂದರೆ ಮಿದುಳಿನ ನರಕೋಶಗಳು ಒಟ್ಟೊಟ್ಟಿಗೆ, ಹತೋಟಿಯಿಲ್ಲದೆ ವಿದ್ಯುತ್ ಸಂಕೇತ ಕಳಿಸತೊಡಗುವುದು. ಅದನ್ನು ತಡೆಯುವ ಬ್ರೇಕ್ ಕೂಡ ಮಿದುಳಿನಲ್ಲೇ ಇದೆ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾವಾಗಿಯೇ ನಿಲ್ಲುವುದು ಅದರಿಂದಲೇ. ಐದು ನಿಮಿಷವಾದರೂ ನಿಲ್ಲಲಿಲ್ಲ ಅಂದರೆ ಆ ಬ್ರೇಕ್ ಸೋತಿದೆ ಎಂದರ್ಥ. ಇನ್ನು ಅದು ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆ. ಇನ್ನೊಂದು ಕಷ್ಟವೂ ಇದೆ. ಹೊತ್ತು ಹೋದಷ್ಟೂ ಫಿಟ್ಸ್ ನಿಲ್ಲಿಸುವ ಔಷಧಿಗಳಿಗೂ ಮಿದುಳು ಸರಿಯಾಗಿ ಸ್ಪಂದಿಸುವುದಿಲ್ಲ. ಐದನೇ ನಿಮಿಷದಲ್ಲಿ ಒಂದು ಇಂಜೆಕ್ಷನ್‌ಗೆ ನಿಲ್ಲುವ ಫಿಟ್ಸ್, ಅರ್ಧ ಗಂಟೆ ಕಳೆದ ಮೇಲೆ ಮೂರು ಔಷಧಿ ಕೊಟ್ಟರೂ ನಿಲ್ಲದೆ ಹೋಗಬಹುದು.

ಅಷ್ಟರಲ್ಲಿ ಮೈಯೂ ಕಾಯುತ್ತಿರುತ್ತದೆ. ನಾಯಿಯ ಮೈಶಾಖ ಮಾಮೂಲಿಯಾಗಿ 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಸ್ನಾಯುಗಳು ಬಿಡದೆ ಅದುರುತ್ತಿದ್ದರೆ ಅದು 41 ದಾಟಿಬಿಡಬಹುದು. ಅಷ್ಟು ಕಾದರೆ ಮಿದುಳು, ಮೂತ್ರಪಿಂಡ, ಯಕೃತ್ತು ಎಲ್ಲಕ್ಕೂ ಪೆಟ್ಟು. ಹಾಗಾಗಿ ಇನ್ನೂ ಸ್ವಲ್ಪ ನೋಡೋಣ ಅನ್ನೋ ಮಾತು ಇಲ್ಲಿ ನಡೆಯುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೂರನೇ ನಿಮಿಷಕ್ಕೇ ಒಬ್ಬರು ಗಾಡಿ ತೆಗೆಯಲಿ, ಇನ್ನೊಬ್ಬರು ಕ್ಲಿನಿಕ್‌ಗೆ ಫೋನ್ ಹಚ್ಚಲಿ. ನಾಲ್ಕನೇ ನಿಮಿಷಕ್ಕೆ ನಿಂತರೆ ಒಳ್ಳೆಯದೇ ಆಯಿತು, ನಷ್ಟವೇನಿಲ್ಲ.

ಫಿಟ್ಸ್ ಹೇಗಿರುತ್ತದೆ

ಬರುವ ಮೊದಲು ಕೆಲವು ನಾಯಿಗಳು ಯಾಕೋ ಚಡಪಡಿಸುತ್ತವೆ. ಮನೆಯವರಿಗೆ ಅಂಟಿಕೊಂಡು ತಿರುಗುತ್ತವೆ, ಇಲ್ಲವೇ ಮಂಚದ ಕೆಳಗೆ ಹೋಗಿ ಸೇರಿಕೊಳ್ಳುತ್ತವೆ. ಆಮೇಲೆ ಇದ್ದಕ್ಕಿದ್ದಂತೆ ಪಕ್ಕಕ್ಕೆ ಬೀಳುತ್ತವೆ. ನಾಲ್ಕೂ ಕಾಲು ಕೋಲಿನ ಹಾಗೆ ಬಿಗಿಯುತ್ತವೆ, ಕತ್ತು ಹಿಂದಕ್ಕೆ ಸೆಟೆಯುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ. ಕೆಲವು ಸೆಕೆಂಡು ಉಸಿರೇ ನಿಂತಂತಾಗಿ ಒಸಡು ನೀಲಿಗೆ ತಿರುಗಬಹುದು. ನಂತರ ಕಾಲುಗಳು ಈಜಿದ ಹಾಗೆ ಆಡತೊಡಗುತ್ತವೆ, ಬಾಯಿ ಏನೋ ಅಗಿದಂತೆ ಆಡುತ್ತದೆ, ಜೊಲ್ಲು ನೊರೆಯಾಗಿ ಬರುತ್ತದೆ. ಅಲ್ಲೇ ಮೂತ್ರ, ಮಲ ಆಗುವುದೂ ಉಂಟು. ಕಣ್ಣು ತೆರೆದೇ ಇರುತ್ತದೆ, ಆದರೆ ನಿಮ್ಮನ್ನು ನೋಡುತ್ತಿರುವುದಿಲ್ಲ. ಇಂಥ ಫಿಟ್ಸ್‌ನಲ್ಲಿ ನಾಯಿಗೆ ಪ್ರಜ್ಞೆ ಇರುವುದಿಲ್ಲ. ಅದು ಕೂಗಿದರೂ ನೋವಿನಿಂದ ಕೂಗುತ್ತಿಲ್ಲ. ಇದು ಗೊತ್ತಿದ್ದರೆ ಪಕ್ಕದಲ್ಲಿ ಕೂತವರ ಕೈ ನಡುಕ ಸ್ವಲ್ಪವಾದರೂ ಕಡಿಮೆಯಾಗುತ್ತದೆ.

ನಿಂತ ಮೇಲಿನ ಹೊತ್ತು ಅನೇಕರನ್ನು ಇನ್ನೂ ಜಾಸ್ತಿ ಹೆದರಿಸುತ್ತದೆ. ಎದ್ದ ನಾಯಿ ಓಲಾಡುತ್ತದೆ, ಗೋಡೆಗೆ ಹಾಯುತ್ತದೆ. ಕಣ್ಣು ಕಾಣದಂತೆ ಆಡುತ್ತದೆ. ಹೆಸರು ಕರೆದರೆ ಗುರುತೇ ಇಲ್ಲ ಅನ್ನೋ ಹಾಗೆ ನೋಡುತ್ತದೆ. ಕೆಲವು ನಾಯಿಗಳು ತಟ್ಟೆ ಸಮೇತ ನುಂಗುವಷ್ಟು ಹಸಿವಿನಿಂದ ತಿನ್ನಲು ಬರುತ್ತವೆ, ಕೆಲವು ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ಸುಮ್ನೆ ನಡೆಯುತ್ತಲೇ ಇರುತ್ತವೆ. ಇದೆಲ್ಲ ಫಿಟ್ಸ್ ನಂತರದ ಗೊಂದಲ. ಕೆಲವು ನಿಮಿಷದಿಂದ ಹಿಡಿದು ಕೆಲವು ಗಂಟೆ ಇರಬಹುದು, ಅಪರೂಪಕ್ಕೆ ಒಂದು ದಿನವೂ ಇರಬಹುದು. ಇಲ್ಲಿ ನೋಡಬೇಕಾದ್ದು ಒಂದೇ: ಗಂಟೆ ಕಳೆದಂತೆ ಸುಧಾರಿಸುತ್ತಿದೆಯಾ? ಅರ್ಧ ಗಂಟೆಗೆ ಎದ್ದು ನಿಂತಿತು, ಒಂದು ಗಂಟೆಗೆ ನೀರು ಕುಡಿಯಿತು, ಎರಡು ಗಂಟೆಗೆ ಬಾಲ ಆಡಿಸಿತು ಅಂದರೆ ಸರಿಯಾದ ದಾರಿಯಲ್ಲಿದೆ. ಎಬ್ಬಿಸಿದರೂ ಏಳುತ್ತಿಲ್ಲ, ಉಸಿರಾಟ ಕಷ್ಟವಾಗಿದೆ, ಒಸಡು ಬಿಳಿಚಿಕೊಂಡೇ ಇದೆ, ಇಲ್ಲವೇ ಸುಧಾರಿಸಿದ್ದು ಮತ್ತೆ ಕುಸಿಯಿತು ಅಂದರೆ ಫಿಟ್ಸ್ ಎರಡೇ ನಿಮಿಷ ಬಂದಿದ್ದರೂ ಕಾಯಬೇಡಿ.

ಬಿದ್ದದ್ದೆಲ್ಲ ಫಿಟ್ಸ್ ಅಲ್ಲ ಅನ್ನೋದೂ ನೆನಪಿರಲಿ. ವಯಸ್ಸಾದ ನಾಯಿ ಗೇಟಿನ ಹತ್ತಿರ ಖುಷಿಯಲ್ಲಿ ಓಡಿಬಂದು ದೊಪ್ಪನೆ ಬಿದ್ದು, ಮೈ ಸಡಿಲವಾಗಿ, ಅರ್ಧ ನಿಮಿಷದಲ್ಲಿ ಏನೂ ಆಗದವರಂತೆ ಎದ್ದು ಹೋದರೆ ಅದು ಹೃದಯದ ತೊಂದರೆಯಿಂದ ಬಂದ ತಲೆಸುತ್ತು ಇರಬಹುದು. ಅದಕ್ಕೂ ಬೇಗ ತೋರಿಸಬೇಕು. ಮುದಿ ನಾಯಿ ತಲೆ ಒಂದು ಪಕ್ಕಕ್ಕೆ ವಾಲಿಸಿಕೊಂಡು, ಕಣ್ಣುಗುಡ್ಡೆ ಅತ್ತಿತ್ತ ಓಡುತ್ತಾ, ನಿಲ್ಲಲಾಗದೆ ಒಂದೇ ಕಡೆಗೆ ಬೀಳುತ್ತಿದ್ದರೆ ಒಳಗಿವಿಯ ಸಮತೋಲ ತಪ್ಪಿದ್ದಿರಬಹುದು. ಅಲ್ಲಿ ಪ್ರಜ್ಞೆ ಇರುತ್ತದೆ. ನಿದ್ದೆಯಲ್ಲಿ ಕಾಲು ಆಡಿಸುವ ನಾಯಿಯಂತೂ ಹೆಸರು ಕರೆದರೆ ಎದ್ದೇಳುತ್ತದೆ. ಫಿಟ್ಸ್ ಬಂದ ನಾಯಿ ಏಳುವುದಿಲ್ಲ.

ಆ ಎರಡು ನಿಮಿಷ

ನಾಯಿ ಮೆಟ್ಟಿಲ ಹತ್ತಿರವೋ ಸೋಫಾ ಮೇಲೋ ಇದ್ದರೆ ಬೆನ್ನಿನ ಕಡೆಯಿಂದ ಹಿಡಿದು ಮೆಲ್ಲಗೆ ನೆಲಕ್ಕೆ ಎಳೆದುಕೊಳ್ಳಿ. ತಲೆ ಕೆಳಗೆ ಮಡಚಿದ ಟವೆಲ್ ಇಡಿ. ಟಿವಿ, ಲೈಟು ಆರಿಸಿ. ಮನೆಯಲ್ಲಿ ಬೇರೆ ನಾಯಿಗಳಿದ್ದರೆ ಬೇರೆ ಕೋಣೆಗೆ ಹಾಕಿ, ಏಕೆಂದರೆ ಒದ್ದಾಡುವ ನಾಯಿಯ ಮೇಲೆ ಅವು ಎರಗುವುದುಂಟು. ಅಷ್ಟೇ.

ನಾಲಿಗೆ ನುಂಗಿಬಿಡುತ್ತದೆ ಎಂದು ಬಾಯಿಗೆ ಕೈ ಹಾಕುವವರು ಇನ್ನೂ ಇದ್ದಾರೆ. ನಾಯಿ ನಾಲಿಗೆ ನುಂಗುವುದಿಲ್ಲ. ಆದರೆ ಗೊತ್ತಿಲ್ಲದೆ ನಿಮ್ಮ ಬೆರಳು ಕಚ್ಚುತ್ತದೆ, ಅದೂ ಪೂರ್ತಿ ಬಲ ಬಿಟ್ಟು. ಮನುಷ್ಯರಿಗೆ ಮಾಡುವಂತೆ ಕಬ್ಬಿಣದ ಬೀಗದ ಕೈ ಹಿಡಿಸುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು, ಮುಖಕ್ಕೆ ನೀರೆರಚುವುದು ಯಾವುದರಿಂದಲೂ ಫಿಟ್ಸ್ ನಿಲ್ಲುವುದಿಲ್ಲ. ಎರಡು ನಿಮಿಷಕ್ಕೆ ಅದು ತಾನಾಗಿಯೇ ನಿಲ್ಲುತ್ತದಲ್ಲ, ಹೆಸರು ಮಾತ್ರ ಬೀಗದ ಕೈಗೆ ಬರುತ್ತದೆ. ಇದರಲ್ಲಿ ನಿಜವಾದ ಅಪಾಯ ಅಂದರೆ ಬಾಯಿಗೆ ನೀರು, ಹಾಲು, ಮಾತ್ರೆ ಹಾಕುವುದು. ನುಂಗುವ ಶಕ್ತಿ ಇಲ್ಲದಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪೂರ್ತಿ ಎಚ್ಚರವಾಗಿ, ನೆಟ್ಟಗೆ ನಡೆಯುವವರೆಗೆ ಬಾಯಿಗೆ ಏನೂ ಬೇಡ.

ಗಡಿಯಾರ ನೋಡದೆ ಹೊರಡಬೇಕಾದ ಸಂದರ್ಭಗಳು

ಪುಟ್ಟ ಮರಿಗಳು ಮೊದಲು. ಎರಡು ಮೂರು ತಿಂಗಳ ಸಣ್ಣ ತಳಿಯ ಮರಿ ಊಟ ಬಿಟ್ಟು, ಭೇದಿಯಾಗಿ, ಮೈ ತಣ್ಣಗಾಗಿ ಅದುರುತ್ತಿದ್ದರೆ ರಕ್ತದಲ್ಲಿ ಸಕ್ಕರೆ ಕುಸಿದಿರಬಹುದು. ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ ಇಲ್ಲಿದೆ. ಗ್ಲೂಕೋಸ್ ಪುಡಿಯ ಗಟ್ಟಿ ಪಾಕವನ್ನೋ ಜೇನುತುಪ್ಪವನ್ನೋ ಬೆರಳ ತುದಿಯಲ್ಲಿ ಸ್ವಲ್ಪವೇ ತೆಗೆದುಕೊಂಡು ತುಟಿಯ ಒಳಬದಿಗೆ, ಒಸಡಿಗೆ ಸವರಿ. ಗಂಟಲಿಗೆ ಸುರಿಯಬೇಡಿ. ಸವರುತ್ತಲೇ ಹೊರಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ನಾಯಿಗೂ ಇದೇ ಮಾತು.

ಮರಿ ಹಾಕಿದ ತಾಯಿ ಇನ್ನೊಂದು. ನಮ್ಮಲ್ಲಿ ಮನೆಮನೆಯಲ್ಲೂ ಇದ್ದ ಪಮೇರಿಯನ್ ತರಹದ ಸಣ್ಣ ನಾಯಿ, ನಾಲ್ಕೈದು ಮರಿಗಳಿಗೆ ಹಾಲು ಕೊಡುತ್ತಿರುತ್ತದೆ. ಹೆರಿಗೆಯಾಗಿ ಎರಡು ಮೂರು ವಾರಕ್ಕೆ ಯಾಕೋ ತೇಕುತ್ತದೆ, ಮರಿಗಳನ್ನು ಹತ್ತಿರ ಸೇರಿಸುವುದಿಲ್ಲ, ಕಾಲು ಸೆಟೆದು ನಡೆಯುತ್ತದೆ, ಮೈ ಸುಡುತ್ತದೆ, ಆಮೇಲೆ ಅದುರಿ ಬೀಳುತ್ತದೆ. ಹಾಲಿಗೆ ಕ್ಯಾಲ್ಸಿಯಂ ಎಲ್ಲ ಹೋಗಿ ರಕ್ತದಲ್ಲಿ ಉಳಿದಿರುವುದಿಲ್ಲ. ಬೆಳಗಿನವರೆಗೆ ಬಿಟ್ಟರೆ ತಾಯಿ ಉಳಿಯುವುದು ಕಷ್ಟ. ಆದರೆ ನಿಧಾನವಾಗಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ನೋಡನೋಡುತ್ತಿದ್ದಂತೆ ಚೇತರಿಸಿಕೊಳ್ಳುತ್ತದೆ. ಮರಿಗಳನ್ನು ತಕ್ಷಣ ಬಿಡಿಸಿ, ತಾಯಿಯನ್ನು ಎತ್ತಿಕೊಂಡು ಹೋಗಿ.

ಇನ್ನು ವಿಷ. ಹೊಲ, ತೋಟ ಇರುವ ಕಡೆ ಇದನ್ನೇ ಮೊದಲು ಅನುಮಾನಿಸಬೇಕು. ಕೀಟನಾಶಕ ಹೊಟ್ಟೆಗೆ ಹೋದ ನಾಯಿ ಹೆಚ್ಚಾಗಿ ನೇರವಾಗಿ ಫಿಟ್ಸ್‌ಗೆ ಬರುವುದಿಲ್ಲ. ಮೊದಲು ಜೊಲ್ಲು ಸುರಿಯುತ್ತದೆ, ಕಣ್ಣಲ್ಲಿ ನೀರು, ವಾಂತಿ, ಭೇದಿ, ಕಣ್ಣಿನ ಪಾಪೆ ಸಾಸಿವೆಯಷ್ಟಾಗುತ್ತದೆ, ಮೈಮೇಲಿನ ಸ್ನಾಯು ಅಲ್ಲಲ್ಲಿ ಕುಣಿಯುತ್ತದೆ. ಫಿಟ್ಸ್ ಆಮೇಲೆ. ಇದಕ್ಕೆ ಕೊಡುವ ಅಟ್ರೋಪಿನ್ ಇಂಜೆಕ್ಷನ್ ಹಳ್ಳಿಯ ಪಶು ಆಸ್ಪತ್ರೆಯಲ್ಲೂ ಇರುವಂಥದ್ದು. ಆದ್ದರಿಂದ ದೂರದ ಊರಿಗೆ ಹೊರಡುವ ಮೊದಲು ಹತ್ತಿರದ ಡಾಕ್ಟರನ್ನು ಹುಡುಕಿ. ಕೊಡಗಿನ ಕಡೆ ಕಾಫಿ ತೋಟಕ್ಕೆ ಆಫ್ರಿಕನ್ ಬಸವನಹುಳುಗಳ ಕಾಟ. ಅವನ್ನು ಕೊಲ್ಲಲು ಹಾಕುವ ಮೆಟಾಲ್ಡಿಹೈಡ್ ಗುಳಿಗೆಯನ್ನು ನಾಯಿ ರುಚಿಗೆ ತಿಂದುಬಿಡುತ್ತದೆ. ಮೈ ಬಿಡದೆ ನಡುಗುತ್ತದೆ, ಶಾಖ ಏರುತ್ತದೆ, ಫಿಟ್ಸ್ ಬರುತ್ತದೆ. ಕಾಸರಕನ ಬೀಜದಲ್ಲಿರುವ ಸ್ಟ್ರಿಕ್ನಿನ್ ವಿಷದ ಬಗೆ ಬೇರೆ. ನಾಯಿಗೆ ಎಚ್ಚರವಿರುತ್ತದೆ, ಆದರೆ ಬಾಗಿಲು ಬಡಿದ ಸದ್ದಿಗೂ, ಮುಟ್ಟಿದರೂ ಮೈ ಬಿಲ್ಲಿನಂತೆ ಸೆಟೆಯುತ್ತದೆ. ಹಾಗೆ ಕಂಡರೆ ಗಾಡಿಯಲ್ಲಿ ಸದ್ದು ಮಾಡಬೇಡಿ, ಮೇಲೆ ಬಟ್ಟೆ ಹೊದಿಸಿ ಕತ್ತಲು ಮಾಡಿ.

ಇಲಿ ಪಾಷಾಣ ತಿಂದಿದ್ದರೆ ನಿಮಗೂ ಎಚ್ಚರಿಕೆ ಬೇಕು. ಅದರಲ್ಲಿ ಜಿಂಕ್ ಫಾಸ್ಫೈಡ್ ಇದ್ದರೆ, ಅದು ಹೊಟ್ಟೆಯ ಆಮ್ಲ ಸೇರಿದಾಗ ವಿಷಾನಿಲ ಹುಟ್ಟುತ್ತದೆ. ಕಾರಿನ ಕಿಟಕಿ ತೆರೆದಿಡಿ, ನಾಯಿ ವಾಂತಿ ಮಾಡಿದರೆ ಬಗ್ಗಿ ಮೂಸಬೇಡಿ. ಹಾಲು, ಮೊಟ್ಟೆ, ಉಪ್ಪುನೀರು ಕುಡಿಸಿ ವಿಷ ಇಳಿಸುವ ರೂಢಿ ನಮ್ಮಲ್ಲಿದೆ. ಫಿಟ್ಸ್ ಬಂದ ನಾಯಿಗೆ ಅದು ಇನ್ನೊಂದು ಅಪಾಯ ಸೇರಿಸುತ್ತದೆ ಅಷ್ಟೇ. ಪೇಟೆಯ ಮನೆಗಳಲ್ಲಿ ಚಾಕಲೇಟ್, ಕಾಫಿ ಪುಡಿ, ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್, ಬೂಸ್ಟು ಬಂದ ಕಸ, ಮನುಷ್ಯರ ಮಾತ್ರೆಗಳು. ಏನೇ ತಿಂದಿದ್ದರೂ ಅದರ ಪ್ಯಾಕೆಟ್ ಕೈಯಲ್ಲಿ ಹಿಡಿದುಕೊಂಡು ಹೋಗಿ.

ಮೈಮೇಲಿನ ಉಣ್ಣಿಗೆ ಕೊಟ್ಟ ಔಷಧಿಯನ್ನೂ ಹೇಳಲು ಮರೆಯಬೇಡಿ. ಈಗ ಎಲ್ಲರೂ ಕೊಡುವ ಫ್ಲುರಾಲನರ್, ಅಫಾಕ್ಸೊಲನರ್ ಜಾತಿಯ ಮಾತ್ರೆಗಳು ಬಹುಪಾಲು ನಾಯಿಗಳಿಗೆ ಸುರಕ್ಷಿತವೇ. ಆದರೆ ಕೆಲವಕ್ಕೆ ಫಿಟ್ಸ್ ಬರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ. ಮೊದಲೇ ಫಿಟ್ಸ್ ಇರುವ ನಾಯಿಗೆ ಕೇಳದೆ ಕೊಡಬೇಡಿ.

ಬಿಸಿಲನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಸೆಖೆಗೆ ಪಗ್‌ನಂಥ ಮೊಂಡು ಮೂಗಿನ ನಾಯಿಗಳು, ದಪ್ಪ ಕೂದಲಿನ ಹಸ್ಕಿಗಳು ಬೇಗ ಬಲಿಯಾಗುತ್ತವೆ. ಮುಚ್ಚಿದ ಕಾರಿನಲ್ಲಿ ಬಿಟ್ಟರಂತೂ ಬೆಂಗಳೂರಿನಲ್ಲೂ ಇದೇ ಗತಿ. ಬಿಸಿಲಿಗೆ ತೇಕಿ ತೇಕಿ ಫಿಟ್ಸ್ ಬಂದರೆ ನಲ್ಲಿ ನೀರಿನಿಂದ ಮೈ ನೆನೆಸಿ, ಗಾಳಿ ಬೀಸುತ್ತಾ ಕರೆದೊಯ್ಯಿರಿ. ಐಸ್ ನೀರು ಬೇಡ. ತಲೆಗೆ ಪೆಟ್ಟು ಬಿದ್ದು, ಗಾಡಿ ಹೊಡೆದು ಬಂದ ಫಿಟ್ಸ್‌ಗೆ ಇಷ್ಟೆಲ್ಲ ವಿವರಣೆ ಬೇಕಿಲ್ಲ, ಹೊರಡಿ.

ಲಸಿಕೆ ಹಾಕಿಸದ ನಾಯಿ

ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ. ಲಸಿಕೆ ಇಲ್ಲದ ಮರಿಗೆ ಹಿಂದಿನ ವಾರಗಳಲ್ಲಿ ಜ್ವರ, ಮೂಗಲ್ಲಿ ಕೀವು, ಕೆಮ್ಮು, ಭೇದಿ ಆಗಿ, ಈಗ ಚ್ಯೂಯಿಂಗ್ ಗಮ್ ಅಗಿದಂತೆ ದವಡೆ ಆಡಿಸುವ ಫಿಟ್ಸ್ ಬಂದರೆ ಡಿಸ್ಟೆಂಪರ್ ಇರಬಹುದು. ಅದು ನಾಯಿಗೆ ದೊಡ್ಡ ಕಾಯಿಲೆ. ಬೇರೆ ನಾಯಿಗಳಿಗೂ ಹರಡುತ್ತದೆ, ಆದರೆ ಮನುಷ್ಯರಿಗೆ ಬರುವುದಿಲ್ಲ.

ರೇಬಿಸ್ ಹಾಗಲ್ಲ. ಹುಚ್ಚುನಾಯಿ ಅಂದಕೂಡಲೇ ಅಟ್ಟಿಸಿಕೊಂಡು ಕಚ್ಚುವ ನಾಯಿಯ ಚಿತ್ರ ಬರುತ್ತದೆ. ಆದರೆ ಇದರ ಇನ್ನೊಂದು ರೂಪದಲ್ಲಿ ನಾಯಿ ಸುಮ್ನೆ ಮೂಲೆ ಹಿಡಿದು ಮಲಗಿರುತ್ತದೆ. ಕೆಳದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ನುಂಗಲಾಗುವುದಿಲ್ಲ, ಬೊಗಳುವ ದನಿ ಬದಲಾಗಿರುತ್ತದೆ. ಪಾಪ, ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿರಬೇಕು ಎಂದು ಮನೆಯವರು ಬಾಯೊಳಗೆ ಕೈ ಹಾಕುತ್ತಾರೆ. ಅಪಾಯ ಅಲ್ಲೇ. ಲಸಿಕೆ ಹಾಕಿಸದ ನಾಯಿ, ಅಥವಾ ಇತ್ತೀಚೆಗೆ ಬೀದಿನಾಯಿ ಕಚ್ಚಿದ ನಾಯಿ, ನಾಲ್ಕಾರು ದಿನದಿಂದ ಸ್ವಭಾವ ಬದಲಾಗಿ ಈಗ ಫಿಟ್ಸ್ ಬಂದಿದೆ ಅಂದರೆ ಮುಟ್ಟಬೇಡಿ. ಕೋಣೆಯಲ್ಲೋ ಗೇಟಿನೊಳಗೋ ಕೂಡಿಹಾಕಿ, ಮಕ್ಕಳನ್ನು ದೂರವಿಟ್ಟು, ಡಾಕ್ಟರಿಗೆ ಫೋನಿನಲ್ಲಿ ಎಲ್ಲ ಹೇಳಿ, ಅವರು ಹೇಳಿದ ಹಾಗೆ ಮಾಡಿ. ಜೊಲ್ಲು ಗಾಯಕ್ಕೋ ಕಣ್ಣಿಗೋ ಬಾಯಿಗೋ ತಗುಲಿದ್ದರೆ, ಕಚ್ಚಿದ್ದರೆ, ಪರಚಿದ್ದರೆ ಆ ಜಾಗವನ್ನು 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಗಾಯವಾದರೆ ಸೋಪು ಹಚ್ಚಿ ತೊಳೆಯಿರಿ, ಕಣ್ಣಿಗೆ ಬರೀ ನೀರು ಸಾಕು. ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಿ. ಲಕ್ಷಣ ಕಂಡ ಮೇಲೆ ರೇಬಿಸ್‌ಗೆ ಚಿಕಿತ್ಸೆ ಇಲ್ಲ, ನಾಯಿಗೂ ಇಲ್ಲ, ನಮಗೂ ಇಲ್ಲ. ವರ್ಷ ವರ್ಷ ತಪ್ಪದೆ ಲಸಿಕೆ ಹಾಕಿಸಿದ ಮನೆನಾಯಿಗೆ ಫಿಟ್ಸ್ ಬಂದರೆ ಈ ಭಯ ಬಹುಮಟ್ಟಿಗೆ ಬೇಕಿಲ್ಲ. ಲಸಿಕೆ ಪುಸ್ತಕ ಎಲ್ಲಿದೆ ಎಂದು ಇವತ್ತೇ ನೋಡಿಟ್ಟುಕೊಳ್ಳಿ.

ಎಲ್ಲಿಗೆ, ಹೇಗೆ

ಹೊರಡುವ ಮೊದಲು ಫೋನ್ ಮಾಡಿ. ಬಾಗಿಲು ಹಾಕಿದ ಕ್ಲಿನಿಕ್ ಮುಂದೆ ನಿಂತು ಕಳೆಯುವ ಹತ್ತು ನಿಮಿಷಕ್ಕೆ ಬೆಲೆ ಕಟ್ಟಲಾಗದು. ಬೆಂಗಳೂರಿನಲ್ಲಿ ರಾತ್ರಿಯಿಡೀ ತೆರೆದಿರುವ ಖಾಸಗಿ ಆಸ್ಪತ್ರೆಗಳಿವೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹಳೆಯದು, ದೊಡ್ಡದು. ಬೀದರ್, ಶಿವಮೊಗ್ಗ, ಹಾಸನದಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ. ಯಾವುದು ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ನಾಯಿ ಚೆನ್ನಾಗಿರುವಾಗಲೇ ಕೇಳಿಟ್ಟುಕೊಳ್ಳಬೇಕು. ಹಳ್ಳಿಗಳಲ್ಲಿ 1962ಕ್ಕೆ ಕರೆ ಮಾಡಿದರೆ ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನದವರು ಸಿಗುತ್ತಾರೆ. ಅದು ಮುಖ್ಯವಾಗಿ ದನಕರುಗಳಿಗಾಗಿ ಇರುವುದು, ಆದರೂ ಹತ್ತಿರದಲ್ಲಿ ಯಾವ ಡಾಕ್ಟರ್ ಇದ್ದಾರೆ ಎಂದು ಕೇಳಲು ಅಡ್ಡಿಯಿಲ್ಲ.

ದೊಡ್ಡ ನಾಯಿಯನ್ನು ಒಬ್ಬರೇ ಎತ್ತಲು ಹೋಗಬೇಡಿ. ಬೆಡ್‌ಶೀಟ್ ಮೇಲೆ ಜಾರಿಸಿ, ಇಬ್ಬರು ನಾಲ್ಕು ಮೂಲೆ ಹಿಡಿದು ಎತ್ತಿ. ಗಾಡಿಯಲ್ಲಿ ಪಕ್ಕಕ್ಕೆ ಮಲಗಿಸಿ, ಒಬ್ಬರು ಹಿಂದೆ ಕೂತಿರಲಿ. ಬಾಯಿಗೆ ಪಟ್ಟಿ ಕಟ್ಟಬೇಡಿ, ಉಸಿರಾಟಕ್ಕೂ ವಾಂತಿಗೂ ಅದು ಅಡ್ಡ.

ಅಲ್ಲಿ ಮೊದಲು ಫಿಟ್ಸ್ ನಿಲ್ಲಿಸಲು ಡಯಾಜೆಪಾಮ್ ಅಥವಾ ಮಿಡಜೋಲಾಮ್ ಕೊಡುತ್ತಾರೆ. ಜೊತೆಗೆ ಸಕ್ಕರೆ, ಕ್ಯಾಲ್ಸಿಯಂ, ಮೈಶಾಖ ನೋಡುತ್ತಾರೆ. ಆಮೇಲೆ ಯಕೃತ್ತು, ಮೂತ್ರಪಿಂಡದ ರಕ್ತ ಪರೀಕ್ಷೆ. ಯಾವ ಕಾರಣವೂ ಸಿಗದೆ, ಎರಡು ಫಿಟ್ಸ್ ನಡುವೆ ನಾಯಿ ಪೂರ್ತಿ ಚೆನ್ನಾಗಿದ್ದು, ಮೊದಲ ಫಿಟ್ಸ್ ಆರು ತಿಂಗಳಿಂದ ಆರು ವರ್ಷದೊಳಗೆ ಬಂದಿದ್ದರೆ ಸಾಮಾನ್ಯವಾಗಿ ಅದು ಬೇರೆ ಕಾಯಿಲೆಯಿಂದಲ್ಲದೆ ಬರುವ, ಹೆಚ್ಚಾಗಿ ವಂಶದಿಂದ ಬಂದಿರಬಹುದಾದ ಅಪಸ್ಮಾರ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಬೀಗಲ್‌ಗಳಲ್ಲಿ ಇದು ಹೆಚ್ಚು. ಏಳೆಂಟು ವರ್ಷದ ನಾಯಿಗೆ ಮೊದಲ ಸಲ ಬಂದರೆ ಬೇರೆ ಕಾರಣ ಹುಡುಕಬೇಕಾಗುತ್ತದೆ, ಮಿದುಳಿನ ಗಡ್ಡೆಯೂ ಅದರಲ್ಲೊಂದು.

ಒಂದೇ ಸಲ, ಚಿಕ್ಕದಾಗಿ ಬಂದದ್ದಕ್ಕೆ ಹೆಚ್ಚಿನ ಡಾಕ್ಟರುಗಳು ದಿನದ ಮಾತ್ರೆ ಶುರುಮಾಡುವುದಿಲ್ಲ. ಆರು ತಿಂಗಳಲ್ಲಿ ಎರಡು ಬಂದರೆ, ಅಥವಾ ಒಂದೇ ಐದು ನಿಮಿಷ ದಾಟಿದರೆ, ಅಥವಾ ಒಂದೇ ದಿನ ಸಾಲಾಗಿ ಬಂದರೆ ಶುರುಮಾಡುತ್ತಾರೆ. ಮೊದಲು ಕೊಡುವುದು ಹೆಚ್ಚಾಗಿ ಫಿನೋಬಾರ್ಬಿಟೋನ್. ಅದು ರಕ್ತದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಎರಡು ವಾರ ಬೇಕು. ಮೊದಲ ದಿನಗಳಲ್ಲಿ ನಾಯಿ ಮಂಕಾಗಿರುತ್ತದೆ, ಹಸಿವು ಬಾಯಾರಿಕೆ ಜಾಸ್ತಿಯಾಗುತ್ತದೆ. ಹೆದರಿ ನಿಲ್ಲಿಸಬೇಡಿ. ಹೀಗೆ ಮಾತ್ರೆ ತಿನ್ನುವ ನಾಯಿಗೆ ಯಾವಾಗಲಾದರೊಮ್ಮೆ ಒಂದು ನಿಮಿಷದ ಫಿಟ್ಸ್ ಬಂದರೆ ಪ್ರತಿ ಸಲ ಆಸ್ಪತ್ರೆಗೆ ಓಡಬೇಕಿಲ್ಲ. ತಾರೀಕು, ಹೊತ್ತು, ಎಷ್ಟು ನಿಮಿಷ ಎಂದು ಬರೆದಿಟ್ಟು ಮುಂದಿನ ಭೇಟಿಯಲ್ಲಿ ತೋರಿಸಿದರೆ ಸಾಕು. ಐದು ನಿಮಿಷ ದಾಟಿದರೆ ಅಥವಾ ಅದೇ ದಿನ ಮತ್ತೆ ಬಂದರೆ ಮಾತ್ರ ಹಳೆಯ ನಿಯಮವೇ. ಇಂಥ ನಾಯಿಗೆ ಮನೆಯಲ್ಲೇ ಮೂಗಿಗೆ ಅಥವಾ ಗುದದ್ವಾರದಿಂದ ಕೊಡಬಹುದಾದ ತುರ್ತು ಔಷಧಿಯೂ ಇದೆ. ಅಳತೆಯನ್ನು ಡಾಕ್ಟರಿಂದ ಬರೆಸಿಕೊಂಡು, ಒಮ್ಮೆ ಅವರ ಎದುರೇ ಕಲಿತುಕೊಳ್ಳಿ.

ಚೆನ್ನಾಗಿದ್ದ ನಾಯಿಗೆ ಸಾಲುಸಾಲಾಗಿ ಫಿಟ್ಸ್ ಬರಲು ಒಂದು ದೊಡ್ಡ ಕಾರಣ ಮಾತ್ರೆ ತಪ್ಪುವುದು. ಶನಿವಾರ ಮಾತ್ರೆ ಮುಗಿಯುತ್ತದೆ, ಚೀಟಿ ಇಲ್ಲದೆ ಮೆಡಿಕಲ್ ಶಾಪಿನವರು ಕೊಡುವುದಿಲ್ಲ, ಡಾಕ್ಟರ್ ಸಿಗುವುದು ಸೋಮವಾರ. ಒಂದು ವಾರದ ಮಾತ್ರೆ ಉಳಿದಿರುವಾಗಲೇ ಹೊಸ ಚೀಟಿ ಬರೆಸಿಕೊಳ್ಳಿ.